ವಿನಿಮಯದ ಋಣ

ವಾಣಿಜ್ಯಾಡಳಿತ ಓದುವ ನಮ್ಮ ಮಕ್ಕಳು ಈಗ ಒಂದು ಸೆಮಿಸ್ಟರಿನ ಮಟ್ಟಿಗೆ ಪ್ಯಾರಿಸಿಗೋ ಮಿಲಾನಿಗೋ ಹೋಗಿ ಬರುತ್ತಾರೆ. ನಾವು ಚಟ್ನಿಪುಡಿ ಕಟ್ಟಿಕೊಟ್ಟು ಬೀಳ್ಕೊಡುತ್ತೇವೆ. ಇಂಥ ವಿನಿಮಯದಲ್ಲಿ ಸಾಮಾನ್ಯವಾಗಿ ಶುಲ್ಕ ಕಟ್ಟುವುದು ಇಲ್ಲಿಯ ಸಂಸ್ಥೆಗೆ, ಅಲ್ಲಿ ಕಟ್ಟಬೇಕಿಲ್ಲ. ಯುರೋಪಿನಲ್ಲಿ 1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆಯ ಕಟ್ಟಳೆಯೂ ಇದೇ.

ಹಾಗಾದರೆ ಅಲ್ಲಿಯ ಪಾಠದ ಬೆಲೆ ತೆತ್ತವರಾರು? ಒಂದರ್ಥದಲ್ಲಿ, ಅಲ್ಲಿಂದ ಇಲ್ಲಿಗೆ ಬಂದ ವಿದ್ಯಾರ್ಥಿಗಳು. ಅವರು ತೆರವು ಮಾಡಿದ ಜಾಗದಲ್ಲಿ ನಮ್ಮವರು ಕುಳಿತಿರುತ್ತಾರೆ. ಗುಮಾಸ್ತನ ಲೆಕ್ಕ ಅಲ್ಲಿಗೆ ಸರಿಹೋಯಿತು. ಋಣದ ಲೆಕ್ಕ?

ಕ್ರಿಸ್‌ಮಸ್ಸಿಗೆ ಯಾರೋ ಮನೆಗೆ ಕರೆದು ಉಣಿಸಿದರೆಂದು ಮಗ ತಿಳಿಸಿದಾಗ ನಮ್ಮ ಕಣ್ಣು ತುಂಬಿತು. ಆದರೆ ದೀಪಾವಳಿಯ ರಜೆಯಲ್ಲಿ ನಮ್ಮ ಉಪನಗರದ ಹಾಸ್ಟೆಲಿನಲ್ಲೇ ಪರದೇಶದ ಹುಡುಗಿಯೊಬ್ಬಳು ಒಂಟಿಯಾಗಿ ಉಳಿದಿದ್ದಳಂತೆ. ನಮಗದು ತಿಳಿದದ್ದು ಅವಳು ಹೊರಟುಹೋದ ಮೇಲೆ. ತಿಳಿಯಲಿಲ್ಲ ಎನ್ನುವುದಕ್ಕಿಂತ, ವಿಚಾರಿಸಲಿಲ್ಲ ಎನ್ನುವುದೇ ನಿಜ.

ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹಿರಿಯರ ಸಂತಾನ ನಾವು. ಪರವೂರಿನ ಒಂಟಿತನ ನಮಗೆ ಹೊಸದಲ್ಲ. ಅಂದು ಅನ್ನವಿಕ್ಕಿದವರಿಗೆ ಅನ್ನವನ್ನು ಮರಳಿಸುವುದು ಹೆಚ್ಚಿನವರಿಗೆ ಆಗಲೇ ಇಲ್ಲ. ಉಪಕಾರದ ಸಾಲ ಕೊಟ್ಟವರಿಗೇ ಸಲ್ಲಬೇಕೆಂದಿಲ್ಲ. ನಮ್ಮ ಬಾಗಿಲಿಗೆ ಬಂದವರಿಗೆ ಸಂದರೂ ಅದು ಸಂದಂತೆಯೇ. ಮಕ್ಕಳನ್ನು ಕಳಿಸಿಕೊಟ್ಟು ಬಂದ ದಿನವೇ ಕೇಳಿಕೊಳ್ಳೋಣ: ಇಲ್ಲಿಗೆ ಬಂದವರಾರು? ಅವರ ಊಟವಾಯಿತೇ?