ಕರೆಯೊಳಗೆ ಬಾರದ ಮಳೆ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಹಳ್ಳಿಗಳಿಂದ, ತಾಂಡಾಗಳಿಂದ ದುಡಿಯಲು ಹೊರಗೆ ಹೋದವರು ಮನೆಗೆ ಫೋನ್ ಮಾಡಿದರೆ, ಆರೋಗ್ಯ ವಿಚಾರಿಸಿದ ಮೇಲೆ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಮಳಿ ಆತೇನು ಯವ್ವಾ?’ ಗೋವಾದ ವಾಸ್ಕೋದಲ್ಲಿ ಗಾರೆ ಕೆಲಸಕ್ಕಿರುವವನು ಕೇಳುತ್ತಾನೆ. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದವಳು ಕೇಳುತ್ತಾಳೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಮಗನೂ ಕೇಳುತ್ತಾನೆ. ಜೂನ್‌ನಲ್ಲಿ ಮಳೆ ಬಂದರೆ ತೊಗರಿ ಬಿತ್ತಬಹುದು. ಅದೇ ಮಳೆ ಮಾರ್ಚ್‌ನಲ್ಲಿ ಬಂದರೆ ಶೆಡ್ಡಿನಲ್ಲಿ ಹರವಿದ ಒಣದ್ರಾಕ್ಷಿ ಕೆಟ್ಟು, ದ್ರಾಕ್ಷಿ ಪಡದಲ್ಲಿ ವರ್ಷವಿಡೀ ಪಟ್ಟ ಪಾಡು ಮಣ್ಣುಪಾಲಾಗುತ್ತದೆ. ಹೀಗಾಗಿ ಆ ಒಂದು ಪ್ರಶ್ನೆಯಲ್ಲಿ ಮನೆಯ ಸಾಲ, ತಂಗಿಯ ಮದುವೆ, ತಾನು ಊರಿಗೆ ಮರಳುವ ದಿನ ಎಲ್ಲವೂ ಅಡಗಿರುತ್ತವೆ.

ಈ ಪ್ರಶ್ನೆ ಈಗ ಹೆಚ್ಚಾಗಿ ಇಂಟರ್ನೆಟ್ಟಿನ ಹಾದಿಯಲ್ಲೇ ಹೋಗುತ್ತದೆ. ಪತ್ರಾಸಿನ ಮೇಲೆ ಮಳೆ ಬಾರಿಸುತ್ತಿರುವಾಗಲೇ ತಾಯಿ ಫೋನ್ ಎತ್ತಿದರೂ ಆ ಸದ್ದು ಮಗನ ಕಿವಿಗೆ ಬೀಳದೆ ಹೋಗಬಹುದು. ಮಳೆ, ಗಾಳಿ, ಫ್ಯಾನು, ಹಿಟ್ಟಿನ ಗಿರಣಿಯಂಥ ಒಂದೇ ಸಮನೆ ಬರುವ ಸದ್ದುಗಳನ್ನು ಗುರುತಿಸಿ ಅಳಿಸುವ ತಂತ್ರಾಂಶ ಇಂದಿನ ಕರೆಗಳಲ್ಲಿ ಸಾಮಾನ್ಯ. ಅದು ಕಂಠವನ್ನು ಉಳಿಸಿಕೊಂಡು ಊರನ್ನು ಹೊರಗೇ ಬಿಡುತ್ತದೆ. ತಾಯಿ ‘ಆತಪ್ಪಾ’ ಎನ್ನಬೇಕು, ಮಗ ನಂಬಬೇಕು. ಕೆಲವು ತಾಯಂದಿರು ವಿಡಿಯೊ ಕರೆ ಮಾಡಿ ಫೋನನ್ನು ಅಂಗಳದ ಕಡೆ ತಿರುಗಿಸುತ್ತಾರೆ. ಕಿವಿಗೆ ದಕ್ಕದ್ದನ್ನು ಕಣ್ಣಿಗೆ ಕೊಡುವ ಈ ಜಾಣತನವನ್ನು ಅವರಿಗೆ ಯಾರೂ ಕಲಿಸಿಕೊಟ್ಟಿಲ್ಲ.

ಒಬ್ಬರ ದನಿ ಎಂದರೆ ಏನು? ಗಂಟಲಿನಿಂದ ಹೊರಟದ್ದಷ್ಟೇ ಅವರ ದನಿಯೇ? ಅವರು ನಿಂತ ನೆಲ, ಹಿಂದೆ ಕೂಗುವ ಆಡು, ಮಾತು ನಿಂತಾಗ ಎಳೆದ ಉಸಿರು, ಇವೂ ಅದರಲ್ಲಿ ಸೇರುತ್ತವೆಯೇ?

ಹಳೆಯ ಟೆಲಿಫೋನ್ ಈ ಪ್ರಶ್ನೆಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಇಬ್ಬರು ಮಾತಿಗೆ ನಿಂತರೆ ಆ ತುದಿಯಿಂದ ಈ ತುದಿಯವರೆಗೆ ಒಂದು ದಾರಿಯೇ ಅವರಿಗೆ ಮೀಸಲಾಗುತ್ತಿತ್ತು. ಆಡಿದ ಮಾತಿಗೆ ಹೇಗೋ, ಆಡದ ಮಾತಿಗೂ ಅಷ್ಟೇ ಹಣ. ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯಲ್ಲಿ, ಓಡುವ ಕೆಂಪು ಅಂಕಿಗಳ ಎದುರು ನಿಂತವರು ಅಳುವುದನ್ನೂ ಅವಸರದಲ್ಲೇ ಮುಗಿಸುತ್ತಿದ್ದರು. ರಾತ್ರಿ ತಡವಾದ ಮೇಲೆ ದರ ಇಳಿಯುತ್ತಿತ್ತು, ಆ ಹೊತ್ತಿಗಾಗಿ ಸಾಲುಗಟ್ಟಿ ಕಾಯುತ್ತಿದ್ದರು. ಆಮೇಲೆ ಮೊಬೈಲ್ ಬಂದಾಗ ಬಡವರು ಮಿಸ್ಡ್ ಕಾಲ್ ಎಂಬ ಭಾಷೆಯನ್ನೇ ಕಟ್ಟಿಕೊಂಡರು. ಎರಡು ರಿಂಗಾಗಿ ನಿಂತರೆ ‘ಮುಟ್ಟಿದೆ’ ಎಂದು ಅರ್ಥ.

ಇಂಟರ್ನೆಟ್ ಕರೆಯ ಪೇಟೆ ಬೆಳೆದದ್ದು ಆ ಮೀಸಲು ದಾರಿಯನ್ನು ಕೈಬಿಟ್ಟಿದ್ದರಿಂದ. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡುವ ತಂತ್ರಾಂಶವನ್ನು ಮಾರಾಟಕ್ಕಿಟ್ಟಿತು. ನಮ್ಮಲ್ಲಿ ವಿದೇಶ ಕರೆಗಳು ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯದಲ್ಲಿದ್ದವು. ಅದು ಮುಗಿದ ಬಳಿಕ, 2002ರ ಏಪ್ರಿಲ್ 1ರಿಂದ, ಇಂಟರ್ನೆಟ್ ಟೆಲಿಫೋನಿಗೆ ಅನುಮತಿ ಸಿಕ್ಕಿತು. ಆದರೂ ದೇಶದೊಳಗಿನ ಸಾಮಾನ್ಯ ಫೋನಿಗೆ ಇಂಟರ್ನೆಟ್ಟಿನಿಂದ ಕರೆ ಮಾಡುವಂತಿರಲಿಲ್ಲ. ಅದಕ್ಕೆ ದಾರಿ ತೆರೆದದ್ದು 2018ರಲ್ಲಿ. ಅಷ್ಟರೊಳಗೆ 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದು, ಮಾತನ್ನೂ ಡೇಟಾ ಆಗಿಯೇ ಸಾಗಿಸಿ, ಮಾತಿಗೆ ಬೇರೆ ಬೆಲೆಯಿಲ್ಲ ಎಂದಿತು. ಆರು ತಿಂಗಳೊಳಗೆ 10 ಕೋಟಿ ಚಂದಾದಾರರಾದರು. ಮಿಸ್ಡ್ ಕಾಲ್‌ನ ಭಾಷೆ ಆಗಲೇ ಸೊರಗತೊಡಗಿತು.

ಈ ಅಗ್ಗದ ಹಿಂದಿನ ಕೆಲಸವನ್ನು ನೋಡಿದಾಗ ನನಗೆ ಬೆರಗೂ ಆಗುತ್ತದೆ, ಕಳವಳವೂ ಆಗುತ್ತದೆ. ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ವಿಳಾಸ ಹಚ್ಚಿ, ಎಲ್ಲರೂ ನಡೆಯುವ ದಾರಿಗೆ ಬಿಡುತ್ತಾರೆ. ಅತ್ತ ತುದಿಯ ಯಂತ್ರ ಅವನ್ನು ಜೋಡಿಸುತ್ತದೆ. ತಡವಾಗಿ ಬಂದ ತುಣುಕನ್ನು ಕೈಬಿಟ್ಟು ಆ ಜಾಗವನ್ನು ಅಂದಾಜಿನಿಂದ ತುಂಬುತ್ತದೆ. ಇಬ್ಬರ ಮಾತಿನಲ್ಲಿ ಒಬ್ಬರು ಆಡಿದರೆ ಇನ್ನೊಬ್ಬರು ಕೇಳುತ್ತಾರೆ, ಆದ್ದರಿಂದ ಯಾವ ಕಡೆಯಿಂದ ನೋಡಿದರೂ ಅರ್ಧಕ್ಕಿಂತ ಹೆಚ್ಚು ಹೊತ್ತು ಮೌನವೇ ಇರುತ್ತದೆ. ಆ ಮೌನವನ್ನು ಕಳಿಸದಿದ್ದರೆ ದಾರಿ ಉಳಿಯಿತು, ಬ್ಯಾಟರಿ ಉಳಿಯಿತು. ಮೊದಲ ಡಿಜಿಟಲ್ ಮೊಬೈಲ್‌ಗಳ ಕಾಲದಲ್ಲೇ ಇದ್ದ ಈ ಉಪಾಯ ಇಂಟರ್ನೆಟ್ ಕರೆಗೂ ಬಂತು. ಆದರೆ ಪೂರ್ತಿ ನಿಶ್ಶಬ್ದವಾದರೆ ಕೇಳುವವರು ‘ಹಲೋ, ಹಲೋ’ ಎಂದು ಗಾಬರಿಯಾಗುತ್ತಾರೆ. ಅದಕ್ಕಾಗಿ ಕೇಳುವವರ ಫೋನೇ ಮೆಲುವಾದ ಒಂದು ಸುಯ್ಗುಟ್ಟುವ ಸದ್ದನ್ನು ಹುಟ್ಟಿಸಿ ಕಿವಿಗೆ ಹಾಕುತ್ತದೆ.

ಮಗನನ್ನು ತಾಯಿ ಕೇಳುತ್ತಾಳೆ: ‘ಯಾವಾಗ ಬರ್ತಿ?’ ಮಗ ಸುಮ್ಮನಾಗುತ್ತಾನೆ. ಆ ಹೊತ್ತು ಎಷ್ಟು ದೀರ್ಘವೋ ಅದು ಅವನದೇ. ಆ ಹೊತ್ತಿನೊಳಗೆ ಅವಳು ಕಿವಿಗೊಟ್ಟು ಕೇಳುವ ಸದ್ದು ಮಾತ್ರ ಅವಳ ಕೈಯಲ್ಲಿರುವ ಫೋನಿನದು. ಅವನ ತಡೆದ ಉಸಿರು ಯಂತ್ರಕ್ಕೆ ಮಾತೆಂದು ತೋರದಿದ್ದರೆ ವಾಸ್ಕೋ ಬಿಟ್ಟು ಹೊರಡುವುದೇ ಇಲ್ಲ.

ವಿಜಯಪುರದಲ್ಲಿ ಬೆಳೆದವರಿಗೆ ಇದಕ್ಕೆ ತದ್ವಿರುದ್ಧವಾದದ್ದು ಗೊತ್ತು. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಗೊಟ್ಟವರಿಗೆ ಕೇಳಿಸುತ್ತದೆ. ಸಿ.ವಿ. ರಾಮನ್ 1922ರಲ್ಲಿ ಇಂಥ ಗ್ಯಾಲರಿಗಳ ಬಗ್ಗೆ ಬರೆದಾಗ ಇದನ್ನೂ ಸೇರಿಸಿಕೊಂಡಿದ್ದರು. ಆ ಗೋಡೆ ಯಾವುದನ್ನೂ ಆರಿಸುವುದಿಲ್ಲ. ಕೆಮ್ಮು, ಹೆಜ್ಜೆ, ಶಾಲೆಯ ಮಕ್ಕಳ ಕೂಗು, ಎಲ್ಲವನ್ನೂ ಮತ್ತೆ ಮತ್ತೆ ಹಿಂದಿರುಗಿಸುತ್ತದೆ. ಜನ ತುಂಬಿದ ದಿನ ಪಿಸುಮಾತು ಅದರಲ್ಲೇ ಕರಗಿಹೋಗುತ್ತದೆ. ಹೀಗಿರುವಾಗ ಎಲ್ಲ ಸದ್ದನ್ನೂ ಒಯ್ಯುವುದೇ ಪ್ರಾಮಾಣಿಕತೆ ಎಂದು ವಾದಿಸುವುದು ನನಗೆ ಸರಿಕಾಣುವುದಿಲ್ಲ. ಕಾಂಕ್ರೀಟ್ ಕಲಸುವ ಯಂತ್ರದ ಪಕ್ಕ ನಿಂತು ಮನೆಗೆ ಫೋನ್ ಮಾಡುವವನಿಗೆ ಆ ಅಬ್ಬರವನ್ನು ಅಳಿಸುವ ತಂತ್ರಾಂಶ ದೊಡ್ಡ ಉಪಕಾರವನ್ನೇ ಮಾಡಿದೆ.

ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನು ಈಗಲೂ ಜನ ಫೋನಿನಲ್ಲಿ ಕೇಳುತ್ತಾರೆ. ಅವರದು ನಿಧಾನದ ಮಾತು. ಒಂದು ವಾಕ್ಯ ಮುಗಿದು ಇನ್ನೊಂದು ಹುಟ್ಟುವವರೆಗೆ ಬಿಡುವು ಇರುತ್ತಿತ್ತು. ಧ್ವನಿಮುದ್ರಣದಲ್ಲಿ ಆ ಬಿಡುವು, ಅದರೊಳಗಿನ ಸಭೆಯ ನಿಶ್ಶಬ್ದ, ಹಾಗೆಯೇ ಉಳಿದಿದೆ. ಆ ನಿಶ್ಶಬ್ದವನ್ನು ಕತ್ತರಿಸಿದರೆ ಪ್ರವಚನ ಅರ್ಧವಾಗುತ್ತದೆ ಎಂದು ಅವರನ್ನು ಕೇಳಿದವರೆಲ್ಲ ಬಲ್ಲರು. ತಾಯಿ-ಮಗನ ಮಾತಿಗೆ ಅಷ್ಟು ಮರ್ಯಾದೆಯನ್ನು ಯಾಕೆ ಕೊಡಬಾರದು?

ಕೊಡಲು ಬಾರದ್ದೇನೂ ಅಲ್ಲ. ಝೂಮ್‌ನಲ್ಲಿ ಸಂಗೀತಗಾರರಿಗಾಗಿ ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಸೌಲಭ್ಯವಿದೆ. ಐಫೋನಿನಲ್ಲಿ 2021ರಿಂದ ಸುತ್ತಲಿನ ಸದ್ದನ್ನೂ ಸೇರಿಸಿಕೊಳ್ಳುವ ಆಯ್ಕೆಯಿದೆ. ತಂಬೂರಿಯ ಶ್ರುತಿ ಗದ್ದಲವಲ್ಲ ಎಂದು ಯಾರೋ ಹೇಳಿದ್ದರಿಂದ ಎಂಜಿನಿಯರುಗಳು ಕೇಳಿಸಿಕೊಂಡರು. ಮಳೆಯ ಪರವಾಗಿ ಅವರಿಗೆ ಇನ್ನೂ ಯಾರೂ ಹೇಳಿದಂತಿಲ್ಲ. ಅಗ್ಗದ ಫೋನಿನ ಸಾಮಾನ್ಯ ಕರೆಯಲ್ಲೂ, ಸ್ಪೀಕರ್ ಗುಂಡಿಯ ಪಕ್ಕದಲ್ಲೇ, ‘ಸುತ್ತಲ ಸದ್ದೂ ಹೋಗಲಿ’ ಎಂಬ ಒಂದು ಗುಂಡಿ ಇರಬೇಕು. ಅದು ಕನ್ನಡದಲ್ಲಿರಬೇಕು, ಓದು ಬಾರದವರಿಗೆ ಚಿತ್ರದಲ್ಲಿರಬೇಕು. ಅದನ್ನು ಯಾವಾಗ ಒತ್ತಬೇಕೆಂಬುದನ್ನು ಬಬಲೇಶ್ವರದ ತಾಯಿಗೆ ಬಿಟ್ಟುಕೊಡಬೇಕು.