ಮನಸ್ಸಿಗೆ ಸಾಕ್ಷಿ ಯಾರು?

ಮದುವೆ ಹಾಲ್‌ನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಊಟ ಮುಗಿಸಿ ಹೊರಬಂದ ಹಿರಿಯರೊಬ್ಬರು ಅವಸರದಲ್ಲಿ, ತಮ್ಮದನ್ನೇ ಹೋಲುವ ಇನ್ನಾರದೋ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬರುತ್ತಾನೆ. ರಾಶಿಯಲ್ಲಿ ಹೊಸತು ಯಾವುದೆಂದು ನೋಡಿ, ತನ್ನ ಸವೆದ ಜೋಡನ್ನು ಅಲ್ಲೇ ಬಿಟ್ಟು, ಅದನ್ನು ಮೆಟ್ಟಿಕೊಂಡು ನಡೆಯುತ್ತಾನೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಚಪ್ಪಲಿ ಕಳೆದುಕೊಂಡವರಿಬ್ಬರೂ ಬರಿಗಾಲಲ್ಲೇ ಮನೆ ಸೇರಬೇಕು. ಆದರೂ ಹಿರಿಯರನ್ನು ನಾವು ಕಳ್ಳರೆನ್ನುವುದಿಲ್ಲ. ಏಕೆ?

ಕಾನೂನು ಕಾಲೇಜುಗಳಲ್ಲಿ ಅಪರಾಧ ಕಾನೂನಿನ ಮೊದಲ ಪಾಠ ಶುರುವಾಗುವುದು ಇಂಥದ್ದೇ ಪ್ರಶ್ನೆಯಿಂದ. ಅಪರಾಧವೆಂದರೆ ಕೇವಲ ಕೃತ್ಯವಲ್ಲ, ಕೃತ್ಯದೊಂದಿಗೆ ದುಷ್ಟ ಮನಸ್ಸೂ ಕೂಡಿರಬೇಕು. 'ಆಕ್ಟಸ್ ರಿಯಸ್' ಮತ್ತು 'ಮೆನ್ಸ್ ರಿಯಾ' ಎಂಬ ಲ್ಯಾಟಿನ್ ಪದಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಈ ಎರಡು ಅಂಶಗಳಿಗಾಗಿಯೇ. ಮೆಕಾಲೆಯ ನೇತೃತ್ವದ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿ, 1860ರಲ್ಲಿ ಶಾಸನವಾದ ಭಾರತ ದಂಡ ಸಂಹಿತೆಯಲ್ಲಿ 'ಅಪ್ರಾಮಾಣಿಕವಾಗಿ', 'ಉದ್ದೇಶಪೂರ್ವಕವಾಗಿ', 'ತಿಳಿದೂ' ಎಂಬರ್ಥದ ಪದಗಳು ಮತ್ತೆ ಮತ್ತೆ ಬರುತ್ತವೆ. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಈಗ 103 ಆಗಿದೆ. ಗಾದೆಯಂತೆ ಬಳಕೆಯಲ್ಲಿದ್ದ 420 ಈಗ 318 ಆಗಿದೆ. ಅಂಕೆಗಳು ಬದಲಾದವು, ಅಡಿಪಾಯ ಬದಲಾಗಲಿಲ್ಲ. ಮನಸ್ಸನ್ನು ನೋಡದೆ ಮನುಷ್ಯನನ್ನು ಅಪರಾಧಿಯೆನ್ನಬೇಡಿ ಎಂಬ ಪಾಠ ಹಾಗೆಯೇ ಉಳಿದಿದೆ.

ಆದರೆ ಇಲ್ಲಿಯೇ ಒಂದು ದೊಡ್ಡ ತೊಡಕಿದೆ. ಇನ್ನೊಬ್ಬರ ಮನಸ್ಸನ್ನು ನೋಡಿದವರು ಯಾರು? ಅಂತರಂಗವನ್ನು ಬಲ್ಲವನು ದೇವನೊಬ್ಬನೇ ಎನ್ನುತ್ತೇವೆ. ನ್ಯಾಯಾಧೀಶರ ಪೀಠ ಎಷ್ಟೇ ಎತ್ತರದಲ್ಲಿದ್ದರೂ ಅಲ್ಲಿಂದ ಯಾರ ಎದೆಯೂ ಕಾಣುವುದಿಲ್ಲ. ಆದ್ದರಿಂದ ಕಾನೂನು ಹೊರಗಿನ ಗುರುತುಗಳನ್ನು ಹುಡುಕುತ್ತದೆ. ಕೈಯಲ್ಲಿದ್ದ ಆಯುಧ ಯಾವುದು, ಏಟು ಬಿದ್ದದ್ದು ಕಾಲಿಗೋ ಕತ್ತಿಗೋ, ಮೊದಲೇ ಸಿದ್ಧತೆ ನಡೆದಿತ್ತೋ, ಬಳಿಕ ಆತ ಗಾಯಾಳುವನ್ನು ಆಸ್ಪತ್ರೆಗೆ ಒಯ್ದನೋ, ಓಡಿಹೋದನೋ ಎಂದು ವಿಚಾರಿಸುತ್ತದೆ. ಇಷ್ಟಾದರೂ ತನ್ನ ಊಹೆ ತಪ್ಪಬಹುದೆಂಬ ಅಳುಕು ಕಾನೂನಿಗಿದೆ. ಆರೋಪವನ್ನು ಸಾಬೀತುಪಡಿಸುವ ಹೊಣೆ ಆರೋಪ ಹೊರಿಸಿದವರದ್ದು, ಸಮಂಜಸ ಸಂಶಯ ಉಳಿದರೆ ಅದರ ಲಾಭ ಆರೋಪಿಗೆ ಎಂಬ ನಿಯಮಗಳ ಹಿಂದಿರುವುದು ಈ ಅಳುಕು. ಇದು ಅಪರಾಧಿಗಳ ಮೇಲಿನ ಕನಿಕರವಲ್ಲ. ತನ್ನ ಕಣ್ಣಿನ ಮಿತಿಯನ್ನು ಬಲ್ಲವನ ವಿನಯ.

ಈ ವಿನಯಕ್ಕೂ ಒಂದು ಎಲ್ಲೆಯಿದೆಯೇ? ಜರ್ಮನ್ ಪ್ರಜೆ ಮೇಯರ್ ಹಾನ್ಸ್ ಜಾರ್ಜ್ 1962ರ ನವೆಂಬರ್‌ನಲ್ಲಿ ಜ್ಯೂರಿಚ್‌ನಿಂದ ಮನಿಲಾಕ್ಕೆ ಹೊರಟಿದ್ದ. ವಿಮಾನ ಮುಂಬಯಿಯಲ್ಲಿ ಇಳಿದಾಗ ಆತನ ಜಾಕೆಟ್ಟಿನಲ್ಲಿ 34 ಕಿಲೋ ಚಿನ್ನ ಸಿಕ್ಕಿತು. ಭಾರತದ ಮೂಲಕ ಹಾದುಹೋಗುವ ಚಿನ್ನವನ್ನೂ ವಿಮಾನದ ಸರಕುಪಟ್ಟಿಯಲ್ಲಿ ನಮೂದಿಸಬೇಕೆಂಬ ಅಧಿಸೂಚನೆ ಕೆಲವೇ ದಿನಗಳ ಹಿಂದೆ ಪ್ರಕಟವಾಗಿತ್ತು. ತನಗದು ಗೊತ್ತಿರಲಿಲ್ಲವೆಂದು ಆತ ವಾದಿಸಿದ. ಹೈಕೋರ್ಟ್ ಬಿಡುಗಡೆ ಮಾಡಿತು. ಸುಪ್ರೀಂ ಕೋರ್ಟ್ ಬಹುಮತದಿಂದ ಆತನನ್ನು ತಪ್ಪಿತಸ್ಥನೆಂದಿತು. ದೇಶದ ಆರ್ಥಿಕತೆಯನ್ನು ಕಾಯುವ ಇಂಥ ಕಾನೂನಿನಲ್ಲಿ ಮನಸ್ಸನ್ನು ಹುಡುಕುತ್ತಾ ಕೂರಲಾಗದು ಎಂಬುದು ಆ ತೀರ್ಪಿನ ಸಾರ. ನ್ಯಾಯಮೂರ್ತಿ ಸುಬ್ಬರಾವ್ ಮಾತ್ರ ಒಪ್ಪದೆ ಭಿನ್ನ ತೀರ್ಪು ಬರೆದರು. ಹೆಚ್ಚು ಕಾಲ ಕಳೆಯುವ ಮೊದಲೇ ನಾಥೂಲಾಲ್ ಎಂಬ ಮಧ್ಯಪ್ರದೇಶದ ಧಾನ್ಯ ವ್ಯಾಪಾರಿಯ ಪ್ರಕರಣ ಅವರ ಮುಂದೆ ಬಂತು. ಆತ ಲೈಸೆನ್ಸ್‌ಗೆ ಅರ್ಜಿ ಹಾಕಿ ಶುಲ್ಕ ಕಟ್ಟಿದ್ದ. ಕೊಡುವುದಿಲ್ಲವೆಂದು ಯಾರೂ ತಿಳಿಸಿರಲಿಲ್ಲ. ಸಿಗುತ್ತದೆಂದು ಪ್ರಾಮಾಣಿಕವಾಗಿ ನಂಬಿ ದಾಸ್ತಾನು ಮಾಡಿದ್ದ. ಈ ಬಾರಿ ಕೋರ್ಟ್ ಆತನನ್ನು ಬಿಡುಗಡೆ ಮಾಡಿತು. ವಿದ್ಯಾರ್ಥಿಗಳು ಈ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುತ್ತಾರೆ. ಮನಸ್ಸನ್ನು ಎಲ್ಲಿ ನೋಡಬೇಕು, ಎಲ್ಲಿ ನೋಡಬೇಕಿಲ್ಲ ಎಂಬ ವಿಷಯದಲ್ಲಿ ಪಂಡಿತರಲ್ಲೂ ಒಮ್ಮತವಿಲ್ಲವೆಂಬುದು ಆಗ ಅವರಿಗೆ ಅರಿವಾಗುತ್ತದೆ.

ಇದಕ್ಕಿಂತ ಕಠಿಣವಾದ ಆಕ್ಷೇಪವೊಂದಿದೆ. ಅದನ್ನು ಎತ್ತುವವರು ಸಂತ್ರಸ್ತರು. 'ನೀವು ಅವನ ಮನಸ್ಸನ್ನು ಅಳೆಯುತ್ತಾ ಕೂತಿದ್ದೀರಿ, ನಮ್ಮ ಮನೆಯ ಹೆಣಗಳ ಲೆಕ್ಕ ಯಾರು ಕೊಡುತ್ತಾರೆ?' 1984ರ ಡಿಸೆಂಬರ್‌ನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ವಿಷಾನಿಲ ಸಾವಿರಾರು ಜನರನ್ನು ಕೊಂದಿತು. ಕಂಪೆನಿಯ ಭಾರತೀಯ ಅಧಿಕಾರಿಗಳ ಮೇಲೆ ಹೊರಿಸಿದ್ದ ಆರೋಪಕ್ಕೆ ಹತ್ತು ವರ್ಷಗಳವರೆಗೆ ಶಿಕ್ಷೆ ಸಾಧ್ಯವಿತ್ತು. ಸಾವು ಸಂಭವಿಸಬಹುದೆಂಬ ತಿಳಿವಳಿಕೆ ಅವರಿಗಿತ್ತೆನ್ನಲು ಆಧಾರ ಸಾಲದೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಅದನ್ನು 304ಎ ಅಡಿಯ ನಿರ್ಲಕ್ಷ್ಯದ ಆರೋಪಕ್ಕೆ ಇಳಿಸಿತು. ಅದಕ್ಕೆ ಆಗ ಇದ್ದ ಗರಿಷ್ಠ ಶಿಕ್ಷೆ ಎರಡು ವರ್ಷ. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ವಿಧಿಸಿದ್ದು ಅಷ್ಟನ್ನೇ, ಅದೂ ಇಪ್ಪತ್ತೈದು ವರ್ಷಗಳ ಬಳಿಕ. ಅಪರಾಧಿಗಳಿಗೆ ಅಂದೇ ಜಾಮೀನೂ ಸಿಕ್ಕಿತು. ಹೊಸ ಸಂಹಿತೆ ನಿರ್ಲಕ್ಷ್ಯದ ಸಾವಿಗೆ ಸಾಮಾನ್ಯವಾಗಿ ಐದು ವರ್ಷಗಳವರೆಗೆ ಶಿಕ್ಷೆ ಇಟ್ಟಿದೆ, ನಿಜ. ಆದರೆ ಭೋಪಾಲದ ತಾಯಂದಿರಿಗೆ ಆ ತಿದ್ದುಪಡಿಯಿಂದ ಏನಾಗಬೇಕಿದೆ?

ಹಾಗಾದರೆ ಮನಸ್ಸಿನ ಪರೀಕ್ಷೆಯನ್ನೇ ಕೈಬಿಡೋಣವೇ? ಕೈಬಿಟ್ಟರೆ ಮೊದಲು ಸಿಕ್ಕಿಬೀಳುವವರು ಕಂಪೆನಿಯ ಅಧಿಕಾರಿಗಳಲ್ಲ, ಚಪ್ಪಲಿ ಅದಲುಬದಲಾದ ನಮ್ಮ ಹಿರಿಯರು, ಕಡತಗಳ ಭಾಷೆ ತಿಳಿಯದ ನಾಥೂಲಾಲರು. ತೊಂದರೆಯಿರುವುದು ಅಳತೆಗೋಲಿನಲ್ಲಲ್ಲ, ಅದನ್ನು ಹಿಡಿಯುವ ನಮ್ಮ ಕೈಯಲ್ಲಿ. ಬಲಿಷ್ಠನ ಮನಸ್ಸನ್ನು ಎಷ್ಟು ವರ್ಷ ಹುಡುಕಿದರೂ ನಮಗೆ ಸಿಗುವುದಿಲ್ಲ. ದುರ್ಬಲನ ಮನಸ್ಸಾದರೋ ಹುಡುಕುವ ಮೊದಲೇ ಸಿಕ್ಕಿಬಿಡುತ್ತದೆ. ಅವನ ಹೆಸರಿನಲ್ಲಿ, ಜಾತಿಯಲ್ಲಿ, ಉಡುಪಿನಲ್ಲಿ, ವಾಸಿಸುವ ಕೇರಿಯಲ್ಲಿ ನಾವದನ್ನು ಓದಿ ಮುಗಿಸಿರುತ್ತೇವೆ. ಬೆಳಿಗ್ಗೆ ಪತ್ರಿಕೆಯಲ್ಲಿ 'ಆರೋಪಿ' ಎಂದು ಬಂದದ್ದು ಸಂಜೆ ಹೋಟೆಲಿನ ಮೇಜಿನ ಮೇಲೆ 'ಅಪರಾಧಿ' ಆಗಿರುತ್ತದೆ. 2022ರ ಕೊನೆಯ ಹೊತ್ತಿಗೆ ನಮ್ಮ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳೆಂದು ಸರಕಾರದ ಅಂಕಿಅಂಶಗಳೇ ಹೇಳುತ್ತವೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾವ ನ್ಯಾಯಾಲಯವೂ ಇನ್ನೂ ತೀರ್ಮಾನಿಸಿರಲಿಲ್ಲ. ಆದರೂ ದಿನಗಳು ಕಳೆಯುತ್ತಿದ್ದುದು ಸರಳುಗಳ ಹಿಂದೆಯೇ.

ಕಾನೂನು ಓದುವ ಮಕ್ಕಳನ್ನು ಮನೆಯವರು, ನೆಂಟರು ಕೇಳುವುದುಂಟು: 'ನಾಳೆ ನೀನು ಕೊಲೆಗಾರನ ಪರವಾಗಿಯೂ ವಾದಿಸುತ್ತೀಯಾ?' ಈ ಪ್ರಶ್ನೆಯಲ್ಲೇ ತೀರ್ಪು ಅಡಗಿದೆಯೆಂಬುದು ಕೇಳುವವರಿಗೆ ಹೊಳೆದಿರುವುದಿಲ್ಲ. ಆತ ಕೊಲೆಗಾರನೇ ಅಲ್ಲವೇ ಎಂದು ತಿಳಿಯಲಿಕ್ಕಾಗಿಯೇ ತಾನೇ ವಾದ ನಡೆಯುವುದು? ಯಾವ ಆರೋಪಿಯ ಪರವಾಗಿಯೂ ವಾದಿಸಬಾರದೆಂದು ವಕೀಲರ ಸಂಘಗಳು ಹೊರಡಿಸುವ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಬೇಕಾಯಿತು. ವಕೀಲರಿಗೇ ಮರೆತುಹೋಗಬಲ್ಲ ಪಾಠವನ್ನು ಉಳಿದವರು ಮರೆಯುವುದರಲ್ಲಿ ಆಶ್ಚರ್ಯವೇನಿದೆ?

ಆದ್ದರಿಂದ ಈ ಮೊದಲ ಪಾಠ ಪರೀಕ್ಷೆ ಬರೆಯುವವರಿಗೆ ಮಾತ್ರ ಸೀಮಿತವಾಗಬಾರದು. ನಮ್ಮ ಮನೆ, ಮೊಹಲ್ಲಾ, ಪಂಚಾಯತಿಗಳಲ್ಲೂ ನಾವು ದಿನಕ್ಕೆ ಹತ್ತು ತೀರ್ಪು ಕೊಡುತ್ತೇವೆ. ನಮ್ಮ ತಪ್ಪಿನ ವಿಷಯ ಬಂದಾಗ 'ನನ್ನ ಉದ್ದೇಶ ಹಾಗಿರಲಿಲ್ಲ' ಎನ್ನುತ್ತೇವೆ. ಇತರರ ತಪ್ಪಿನ ವಿಷಯದಲ್ಲಿ 'ಬೇಕೆಂದೇ ಮಾಡಿದ' ಎನ್ನುತ್ತೇವೆ. ನಮಗೆ ಬೇಡುವ ರಿಯಾಯಿತಿಯನ್ನು ಎದುರಿನವರಿಗೂ ಕೊಡಲು ಕಲಿತ ದಿನ ನ್ಯಾಯದ ಅಆಇಈ ನಮಗೆ ತಿಳಿದಂತೆ.

ಮದುವೆ ಹಾಲ್‌ನ ಬಾಗಿಲಲ್ಲಿ ನಮ್ಮ ಚಪ್ಪಲಿ ಕಾಣೆಯಾದರೆ 'ಕಳ್ಳ' ಎಂದು ಕೂಗುವ ಮೊದಲು ಒಂದು ಗಳಿಗೆ ಕಾಯೋಣ. ಮನೆ ಸೇರಿ ಕಾಲು ನೋಡಿಕೊಂಡ ಹಿರಿಯರೊಬ್ಬರು ನಾಚಿಕೊಂಡು, ನಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅದೇ ದಾರಿಯಲ್ಲಿ ಮರಳಿ ಬರುತ್ತಿರಬಹುದು.