ಶಂಕಾವಿಷ ಮತ್ತು ನಿದ್ದೆ ತರಿಸದ ಗುಳಿಗೆ

ಪುಣೆಯ ಸದಾಶಿವ ಪೇಠದಲ್ಲಿ ಮಧ್ಯಾಹ್ನದ ನಿದ್ದೆ ಒಂದು ಹಕ್ಕು. ಉಂಡು ಎಡಮಗ್ಗುಲಿಗೆ ಹೊರಳುವುದಕ್ಕೆ ‘ವಾಮಕುಕ್ಷಿ’ ಎಂಬ ಗಂಭೀರ ಹೆಸರೇ ಇದೆ. ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬೇಡಿ ಎನ್ನುವ ಬೋರ್ಡುಗಳ ಮೇಲೆ ಮಹಾರಾಷ್ಟ್ರ ಎಷ್ಟೋ ಜೋಕು ಕಟ್ಟಿದೆ. ಅದೇ ಪೇಠದ ಔಷಧಿ ಅಂಗಡಿಯ ಮುಂದೆ ನಿಂತರೆ ಬೇರೆಯದೇ ಮಾತು ಕಿವಿಗೆ ಬೀಳುತ್ತದೆ: ‘ಝೋಪ ಯೇಣಾರ ನಾಹೀ ನಾ?’ ತುರಿಕೆಯ ಗುಳಿಗೆ ಕೊಳ್ಳುವವರ ಪ್ರಶ್ನೆ ಇದು: ನಿದ್ದೆ ಬರೋದಿಲ್ಲ ತಾನೆ? ಎಂಪಿಎಸ್‌ಸಿ (ಮಹಾರಾಷ್ಟ್ರ ಲೋಕಸೇವಾ ಆಯೋಗ) ಪರೀಕ್ಷೆಗೆಂದು ಊರು ಬಿಟ್ಟು ಬಂದು, ಇಲ್ಲಿನ ‘ಅಭ್ಯಾಸಿಕಾ’ಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓದುವ ಹುಡುಗರಿಗೆ ತುರಿಕೆಯೂ ಬೇಡ, ತೂಕಡಿಕೆಯೂ ಬೇಡ.

ಆ ತುರಿಕೆಯ ಜೊತೆ ಮೈಮೇಲೆ ಕೆಂಪಗೆ ಏಳುವ ದದ್ದಿಗೆ ಮರಾಠಿಯವರು ‘ಅಂಗಾವರ ಪಿತ್ತ ಉಠಣೆ’ ಎನ್ನುತ್ತಾರೆ. ಕನ್ನಡದಲ್ಲಿ ಪಿತ್ತದ ಗಂಧೆ. ಆಯುರ್ವೇದದಲ್ಲಿ ಇದು ಶೀತಪಿತ್ತ. ಅಲ್ಲಿ ಆಮಸೂಲಿನ ನೀರು ಹಚ್ಚುತ್ತಾರೆ, ಇಲ್ಲಿ ಕರಿಕಂಬಳಿಯಿಂದ ಉಜ್ಜುತ್ತಾರೆ. ಹೆಸರಿನಲ್ಲಿ ಪಿತ್ತವಿದ್ದರೂ ಆಧುನಿಕ ವೈದ್ಯ ಹೇಳುವುದು ಅನುಮಾನದ ಕಥೆ. ಪರಾಗವೋ ಸೀಗಡಿಯೋ ಒಂದು ಮಾತ್ರೆಯೋ ಒಳಗೆ ಬಂದಾಗ ದೇಹ ಅದನ್ನು ವೈರಿಯೆಂದು ಬಗೆಯುತ್ತದೆ. ಚರ್ಮದಡಿಯ ಮಾಸ್ಟ್ ಕೋಶಗಳು ಹಿಸ್ಟಮೀನ್ ಸುರಿಯುತ್ತವೆ. ಸಣ್ಣ ರಕ್ತನಾಳಗಳು ಸಡಿಲಗೊಂಡು ದ್ರವ ಸೋರುತ್ತದೆ, ಚರ್ಮ ಉಬ್ಬುತ್ತದೆ. ವೈರಿ ಸುಳ್ಳು, ಗಂಧೆ ನಿಜ.

ಸುಳ್ಳಿನಿಂದ ನಿಜವಾದದ್ದು ಹುಟ್ಟೀತೆ? ಈ ಪ್ರಶ್ನೆಯನ್ನು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಎದುರಿಸುತ್ತಾರೆ. ಜಗತ್ತು ಮಿಥ್ಯೆಯಾದರೆ ಅದರೊಳಗಿನ ಶಾಸ್ತ್ರದಿಂದ ನಿಜವಾದ ಜ್ಞಾನ ಬರುವುದು ಹೇಗೆ ಎಂದು ಪೂರ್ವಪಕ್ಷಿ ಕೆಣಕುತ್ತಾನೆ. ಅದಕ್ಕೆ ಅವರು ಕೊಡುವ ನಿದರ್ಶನ ಶಂಕಾವಿಷ: ವಿಷ ಏರಿದೆ ಎಂಬ ಬರೀ ಶಂಕೆಯಿಂದಲೇ ಸಾಯುವವರಿದ್ದಾರೆ. ಅಲರ್ಜಿ ಎಂಬ ಪದ ಹುಟ್ಟಿದ್ದು 1906ರಲ್ಲಿ, ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆಯಿಂದ. ಅದಕ್ಕೆ ಕನ್ನಡದಲ್ಲೊಂದು ಹೆಸರು ಹುಡುಕುವವರು ಈ ಶಂಕಾವಿಷವನ್ನು ಒಮ್ಮೆ ನೋಡಬಹುದು.

ಹೋಲಿಕೆ ಒಂದು ಕಡೆ ಮಾತ್ರ ಜಾರುತ್ತದೆ, ಆ ಜಾಗವೇ ಸ್ವಾರಸ್ಯದ್ದು. ಅದ್ವೈತಿಗಳ ಹಳೆಯ ಉದಾಹರಣೆಯಲ್ಲಿ ಹಗ್ಗವನ್ನು ಹಾವೆಂದು ಹೆದರುವವನು ಹಿಂದೆಂದೋ ನಿಜವಾದ ಹಾವನ್ನು ಕಂಡಿರುತ್ತಾನೆ. ಅಧ್ಯಾಸವೆಂದರೆ ಹಿಂದೆ ಕಂಡದ್ದು ನೆನಪಿನಂತೆ ಇನ್ನೊಂದರ ಮೇಲೆ ತೋರುವುದು. ಅಲರ್ಜಿಗೂ ನೆನಪು ಬೇಕು. ಸಾಮಾನ್ಯವಾಗಿ ಮೊದಲ ಭೇಟಿಯಲ್ಲಿ ಏನೂ ಆಗುವುದಿಲ್ಲ; ದೇಹ ಗುಟ್ಟಾಗಿ ಐಜಿಇ ಪ್ರತಿಕಾಯಗಳನ್ನು ಕೂಡಿಡುತ್ತದೆ. ಮತ್ತೆ ಕಂಡಾಗ ಬೊಬ್ಬೆ. ಆದರೆ ಇಲ್ಲಿ ಮೊದಲು ಕಂಡದ್ದೂ ಹಾವಲ್ಲ, ಹಗ್ಗವೇ! ಹಗ್ಗದ ಹಾವಿಗಿಂತಲೂ ಬುಡವಿಲ್ಲದ ಭ್ರಮೆ ಇದು.

ಇನ್ನೂ ತಮಾಷೆಯೆಂದರೆ, ಆರು ವಾರಕ್ಕಿಂತ ಹೆಚ್ಚು ಕಾಲ ಗಂಧೆ ಏಳುತ್ತಲೇ ಇರುವ ಅನೇಕರಲ್ಲಿ ಹೊರಗಿನ ಕಾರಣವೇ ಸಿಗುವುದಿಲ್ಲ. ಕೆಲವರಲ್ಲಿ ದೇಹ ತನ್ನನ್ನೇ ಶಂಕಿಸುತ್ತಿರುತ್ತದೆ.

ಗುರುತು ತಪ್ಪುವುದು ಈ ಪೇಠಕ್ಕೆ ಹೊಸತಲ್ಲ. ಅದು ಯಾರ ಹೆಸರು ಹೊತ್ತಿದೆಯೋ ಆ ಮರಾಠಾ ಸೇನಾನಿ ಸದಾಶಿವರಾವ್ ಭಾವೂ 1761ರಲ್ಲಿ ಪಾಣಿಪತ್ತಿನಲ್ಲಿ ಸತ್ತ ಮೇಲೆ, ತಾನೇ ಭಾವೂ ಎಂದು ಒಬ್ಬ ತೋತಯಾ, ಅಂದರೆ ವೇಷಧಾರಿ, ಎದ್ದು ಬಂದ. ನಂಬಿದವರು ಅವನ ಹಿಂದೆ ನಡೆದರು. 1776ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅಲ್ಲಿ ಪರಕೀಯನನ್ನು ತಮ್ಮವನೆಂದರು, ಅಲರ್ಜಿ ನಿರುಪದ್ರವಿಯನ್ನು ವೈರಿ ಎನ್ನುತ್ತದೆ. ನಿಜವಾದ ಉಪದ್ರವಿ ಬಂದಾಗ ಯಾರೂ ಬೊಬ್ಬೆ ಹಾಕಲಿಲ್ಲ: 1950ರ ದಶಕದಲ್ಲಿ ಪುಣೆಯ ಕಸದ ರಾಶಿಯ ಮೇಲೆ ಸಸ್ಯವಿಜ್ಞಾನಿಗಳು ಗುರುತಿಸಿದ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ, ಮುಂದೆ ಕರ್ನಾಟಕದ ಹೊಲಗಳಿಗೂ ಬೆಂಗಳೂರಿನವರ ಮೂಗಿಗೂ ನುಗ್ಗಿತು.

ಇನ್ನು ಗುಳಿಗೆ. ಎವಿಲ್‌ನಂಥ ಹಳೆಯ ಆಂಟಿಹಿಸ್ಟಮೀನ್‌ಗಳು ಮಿದುಳನ್ನೂ ಹೊಗುತ್ತವೆ. ಅಲ್ಲಿ ಹಿಸ್ಟಮೀನಿನ ಕೆಲಸವೇ ಬೇರೆ, ನಮ್ಮನ್ನು ಎಚ್ಚರವಾಗಿಡುವುದು. ಆದ್ದರಿಂದ ತುರಿಕೆಯ ಜೊತೆ ತುರಿಸಿಕೊಳ್ಳುವವನೂ ಮಲಗುತ್ತಾನೆ. ಇದು ಸುಷುಪ್ತಿಯ ಸುಖ. ಅದ್ವೈತಿಗಳು ಇದನ್ನು ಬಿಡುಗಡೆಯೆಂದು ಒಪ್ಪುವುದಿಲ್ಲ. ಗಾಢನಿದ್ದೆಯಲ್ಲಿ ದುಃಖವಿಲ್ಲ, ಆದರೆ ಅವಿದ್ಯೆ ಬೀಜರೂಪದಲ್ಲಿ ಉಳಿದಿರುತ್ತದೆ. ಲೋರಟಡೀನ್, ಫೆಕ್ಸೊಫೆನಡೀನ್‌ನಂಥ ಹೊಸ ಗುಳಿಗೆಗಳು ಮಿದುಳಿನ ಹೊಸ್ತಿಲಲ್ಲೇ ಹೆಚ್ಚಾಗಿ ತಡೆಯಲ್ಪಡುತ್ತವೆ. ಅಪ್ಪಿತಪ್ಪಿ ಒಳಬಂದ ಫೆಕ್ಸೊಫೆನಡೀನನ್ನು ಅಲ್ಲಿನ ಪಂಪು ಪ್ರೋಟೀನು ಹೊರದಬ್ಬುತ್ತದೆ. ಸೆಟಿರಿಜಿನ್ ಕೂಡ ಈ ಸಾಲಿನದೇ, ಆದರೂ ಕೆಲವರ ರೆಪ್ಪೆ ಎಳೆಯುತ್ತದೆ.

ಹೊಸ ಗುಳಿಗೆ ನುಂಗಿದವನ ತಿಳಿವು ಎಚ್ಚರವಾಗಿರುತ್ತದೆ, ತುರಿಕೆ ಇರುವುದಿಲ್ಲ. ಹಾಗೆಂದು ಇದು ಜ್ಞಾನವೂ ಅಲ್ಲ. ಮಾಸ್ಟ್ ಕೋಶಕ್ಕೆ ಹಗ್ಗ ಇನ್ನೂ ಹಾವೇ. ಗುಳಿಗೆ ಅದರ ಕೂಗು ಕೇಳುವ ಕಿವಿಯನ್ನಷ್ಟೇ ಮುಚ್ಚಿದೆ. ಭ್ರಮೆಯನ್ನೇ ತಿದ್ದುವ ಪ್ರಯತ್ನವೂ ನಡೆದಿದೆ. 1911ರಲ್ಲಿ ಲಂಡನ್ನಿನ ಲೆನರ್ಡ್ ನೂನ್, ಹುಲ್ಲಿನ ಪರಾಗದ ಸಾರವನ್ನು ಚೂರುಚೂರೇ ಚುಚ್ಚಿ ದೇಹಕ್ಕೆ ಒಗ್ಗಿಸಲು ಹೊರಟರು. ಇಂದಿಗೂ ಆ ಚಿಕಿತ್ಸೆ ವರ್ಷಗಟ್ಟಲೆ ಹಿಡಿಯುತ್ತದೆ, ಕಾರಣವೇ ಸಿಗದ ಗಂಧೆಗೆ ಒದಗುವುದೂ ಇಲ್ಲ. ಬಾಣ ನೆಟ್ಟವನು ಬಿಟ್ಟವನ ಕುಲಗೋತ್ರ ವಿಚಾರಿಸುತ್ತ ಕೂರಬಾರದೆಂದ ಬುದ್ಧ ಗುಳಿಗೆಯ ಪಕ್ಷ ವಹಿಸುತ್ತಿದ್ದನೇನೋ. ಗಂಟಲು ಊದಿ ಉಸಿರು ಕಟ್ಟಿದಾಗಲಂತೂ ಗುಳಿಗೆಯೂ ಸಾಲದು, ತತ್ತ್ವವೂ ಸಾಲದು. ಅಡ್ರಿನಲಿನ್ ಚುಚ್ಚುಮದ್ದೇ ಬೇಕು.

ಕೂಗನ್ನು ಬಹುಕಾಲ ಅಡಗಿಸಿಟ್ಟರೆ ಏನಾದೀತು? 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ಎಚ್ಚರಿಕೆ ಹೊರಡಿಸಿತು: ಸೆಟಿರಿಜಿನ್, ಲಿವೊಸೆಟಿರಿಜಿನ್‌ಗಳನ್ನು ದಿನವೂ ಬಹಳ ಕಾಲ ನುಂಗಿ ನಿಲ್ಲಿಸಿದವರಲ್ಲಿ, ಅಪರೂಪಕ್ಕೆ, ತೀವ್ರ ತುರಿಕೆ ಕಾಣಿಸಿಕೊಂಡಿದೆ.

ಪೇಠದ ಅಂಗಡಿಯಾತ ಫೆಕ್ಸೊಫೆನಡೀನ್ ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಡುತ್ತಾನೆ. ನೀರಿನೊಡನೆಯೇ ನುಂಗು, ಕಿತ್ತಳೆ ರಸದ ಜೊತೆ ಬೇಡ, ಮೈಗೆ ಹತ್ತುವುದು ಕಡಿಮೆಯಾಗುತ್ತದೆ ಎನ್ನುತ್ತಾನೆ. ಹುಡುಗ ಅಲ್ಲೇ ಬಾಟಲಿ ತೆರೆದು ಒಂದನ್ನು ನುಂಗಿ, ಮೊಣಕೈ ತುರಿಸಿಕೊಳ್ಳುತ್ತ ಅಭ್ಯಾಸಿಕೆಯ ಮೆಟ್ಟಿಲು ಹತ್ತುತ್ತಾನೆ. ಗಂಟೆ ಎರಡೂವರೆ. ಎದುರು ವಾಡೆಯ ಬಾಗಿಲು ಮುಚ್ಚಿದೆ.